ಕಾಗೆ ಮುಟ್ಟದ ಬೋರ್ಡು

ಗಾಳಿಯಿಂದ ವಿದ್ಯುತ್ ತೆಗೆಯುವ ಕಂಪನಿಯಲ್ಲಿ ಆಕೆಯ ಕೆಲಸ ಅನುಮತಿಗಳನ್ನು ಕಾಯುವುದು. ಯಂತ್ರ ತಿರುಗಲು ಗಾಳಿ ಇದ್ದರೆ ಸಾಕು ಎಂದುಕೊಂಡವರು ಆಕೆಯ ಮೇಜಿನೆದುರಿನ ಗೋಡೆ ನೋಡಿಲ್ಲ. ಹನ್ನೊಂದು ಯಂತ್ರಕ್ಕೆ ನಲವತ್ತಮೂರು ಅನುಮತಿ, ನಲವತ್ತಮೂರು ಚೀಟಿ, ಪ್ರತಿ ಚೀಟಿಯ ಮೇಲೂ ಅವಧಿ ಮುಗಿಯುವ ತಾರೀಖು. ಕಚೇರಿಯಲ್ಲಿ ಆಕೆಗೆ ಗಡುವಕ್ಕ ಎಂದೇ ಹೆಸರು.

ಈ ಚಟ ಮನೆಗೂ ಹಬ್ಬಿತ್ತು. ಫ್ರಿಜ್ಜಿನ ಡಬ್ಬಿಗಳಿಗೆಲ್ಲ ತಾರೀಖು ಅಂಟಿದ್ದನ್ನು ಕಂಡು ಗಂಡ, "ನನ್ನ ಬೆನ್ನಿಗೂ ಒಂದು ಅಂಟಿಸಿಬಿಡೇ, ಯಾವತ್ತು ಎಸೀತೀಯ ಅಂತ ಗೊತ್ತಾಗ್ಲಿ" ಎಂದಿದ್ದ.

"ನಿಮ್ದು ವರ್ಷಾವರ್ಷ ನವೀಕರಣ. ನಡತೆ ನೋಡ್ಕೊಂಡು."

ಕೆಲಸ ಮುಗಿದ ಚೀಟಿಗಳನ್ನು ಕಿತ್ತು ಕಿತ್ತು, ಈಗ ಗೋಡೆಯಲ್ಲಿ ಎರಡೇ ಉಳಿದಿದ್ದವು. ವಿದ್ಯುತ್ ಲೈನಿಗೆ ಜೋಡಿಸುವ ಅನುಮತಿ ಇನ್ನು ಮೂವತ್ತಾರು ದಿನಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ನಿರ್ಮಾಣದ ಅನುಮತಿಗೆ ಸಹಿ ಬೀಳದಿದ್ದರೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು; ಎರಡು ವರ್ಷ ಗೋವಿಂದ. ಸಹಿಗೆ ಮುನ್ನ ಮೂವತ್ತು ದಿನ ಜಾಗದಲ್ಲಿ ಪ್ರಕಟಣೆಯ ಬೋರ್ಡು ನಿಂತಿರಬೇಕು, ತಕರಾರಿದ್ದವರು ಹೇಳಲಿ ಎಂದು. ನಿಂತಿತ್ತು. ಕಾವಲುಗಾರ ದಿನಕ್ಕೊಂದು ಫೋಟೊ ಕಳಿಸಿದ್ದ.

ಆಕೆ ಮೂವತ್ತನ್ನೂ ಸಾಲಾಗಿಟ್ಟು ನೋಡಿದಳು. ಹಿಂದಿನ ಬೇಲಿಯುದ್ದಕ್ಕೂ ಕಾಗೆಗಳ ಬಿಳಿ ಸಹಿ. ಬೋರ್ಡು ಮಾತ್ರ ಮೊದಲ ದಿನದ ಹಾಗೇ ಥಳಥಳ. ಬಯಲಲ್ಲಿ ತಿಂಗಳು ನಿಂತೂ ಕಾಗೆ ಗಲೀಜು ಮಾಡದ ಬೋರ್ಡನ್ನು ಆಕೆ ಎಲ್ಲೂ ಕಂಡಿರಲಿಲ್ಲ. ಮಧ್ಯಾಹ್ನವೇ ಹೊರಟಳು.

ಬೋರ್ಡು ಕಾವಲುಗಾರನ ಶೆಡ್ಡಿನಲ್ಲಿ ಹಳೇ ಬೆಡ್‌ಶೀಟು ಹೊದ್ದು ಮಲಗಿತ್ತು.

"ಮಳೆಗೆ ಬಣ್ಣ ಹೋಗುತ್ತೆ ಮೇಡಂ. ಬೆಳಿಗ್ಗೆ ಹೊರಗೆ ತಂದು ಫೋಟೊ ಹೊಡೆದು ಮತ್ತೆ ಒಳಗಿಡ್ತಿದ್ದೆ."

"ಮತ್ತೆ ಜನ ಓದೋದು ಹೇಗೆ?"

"ಕೇಳಿದ್ರೆ ತೋರಿಸ್ತಿದ್ದೆ. ಯಾರೂ ಕೇಳಲಿಲ್ಲ."

ಫೋನಿನಲ್ಲಿ ವಿಷಯ ಕೇಳಿದ ಮ್ಯಾನೇಜರ್ ಸಲೀಸಾಗಿ ಹೇಳಿದ: "ಫೋಟೊ ಇದೆ ತಾನೇ? ಕಾಗೆ ಬಂದು ಸಾಕ್ಷಿ ಹೇಳುತ್ತಾ?"

"ಹೇಳಲ್ಲ ಸರ್. ಆದ್ರೆ ಪ್ರಮಾಣಪತ್ರಕ್ಕೆ ಸಹಿ ಹಾಕೋಳು ನಾನು. ಮಲಗಿದ್ದ ಬೋರ್ಡನ್ನ ನಿಂತಿತ್ತು ಅಂತ ಬರೆಯೋಕಾಗಲ್ಲ. ನಾಳೆಯಿಂದ ಮತ್ತೆ ಮೂವತ್ತು ದಿನ."

"ಆಮೇಲೆ ಉಳಿಯೋದು ಐದು ದಿನ. ಅನುಮತಿಗೆ ಸಹಿ ಹಾಕೋ ಸಾಹೇಬರಿಗೆ ಕನ್ನಡಕ ಹುಡುಕೋಕೇ ಐದು ದಿನ ಬೇಕು. ಯೋಜನೆ ಬಿದ್ರೆ ನೀನೇ ಹೊಣೆ ನೋಡಮ್ಮ."

ಸಂಜೆ ಬೋರ್ಡನ್ನು ಎರಡು ಕಂಬಕ್ಕೆ ಬೋಲ್ಟು ಹಾಕಿ ಬಿಗಿಸಿದರು.

ಒಂಬತ್ತನೇ ದಿನ ತಕರಾರು ಬಂತು, ಅದೂ ಕಾಲ್ನಡಿಗೆಯಲ್ಲಿ. ಪಕ್ಕದ ಹೊಲದ ಅಜ್ಜಿ ಶೆಡ್ಡಿನೆದುರು ಕೂತು, ಗಡುವಕ್ಕ ಬರುವವರೆಗೂ ಏಳಲಿಲ್ಲ.

"ಬೋರ್ಡು ಓದಿದವರು ಹೇಳಿದ್ರು, ಏಳನೇ ಯಂತ್ರದ ಬೇಲಿ ನನ್ನ ಬಾವಿ ದಾರಿಗೆ ಅಡ್ಡ ಬರುತ್ತಂತಲ್ಲೇ ಮಗಳೇ. ನೀರು ತರೋಕೆ ನಿಮ್ಮ ಯಂತ್ರದ ರೆಕ್ಕೆ ಹಿಡ್ಕೊಂಡು ಹಾರ್ಲಾ?"

ನಕ್ಷೆಯಲ್ಲಿ ಆ ದಾರಿಯೇ ಇರಲಿಲ್ಲ. ಗಡುವಕ್ಕ ಟೇಪು ಹಿಡಿದು ಅಜ್ಜಿಯ ಹಿಂದೆ ನಡೆದಳು. ಬೇಲಿಯನ್ನು ಹನ್ನೆರಡು ಮೀಟರು ಒಳಕ್ಕೆ ಸರಿಸಿದರೆ ದಾರಿ ಉಳಿಯುತ್ತಿತ್ತು. ತಿದ್ದಿದ ನಕ್ಷೆಗೆ ಅಜ್ಜಿ ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ಕಾವಲುಗಾರನ ಬೆಡ್‌ಶೀಟಿಗೆ ಒರೆಸಿದಳು.

ಮೂವತ್ತೊಂದನೇ ದಿನ ಸಲ್ಲಿಸಿದ ಫೈಲನ್ನು ಸಾಹೇಬರು ಮೂವತ್ತಮೂರನೇ ದಿನ ಬಿಚ್ಚಿದರು. ಕನ್ನಡಕ ಮೂಗಿನ ಮೇಲೇ ಇತ್ತು. ಅಜ್ಜಿಯ ತಕರಾರನ್ನು ಎರಡು ಸಲ ಓದಿದರು.

"ನಿಮ್ಮಂಥ ಕಂಪನಿಗಳ ಫೈಲಲ್ಲಿ ಸಾಮಾನ್ಯವಾಗಿ ಮನುಷ್ಯರೇ ಇರಲ್ಲ ಕಣಮ್ಮ. ಒಂದೂ ತಕರಾರಿಲ್ಲ ಅಂದ್ರೆ ಬೋರ್ಡು ಯಾರ ಕಣ್ಣಿಗೂ ಬಿದ್ದಿಲ್ಲ ಅಂತ ವಾಪಸ್ ಕಳಿಸ್ತೀನಿ." ಕೊನೆಯ ಫೋಟೊದ ಮೇಲೆ ಬೆರಳಿಟ್ಟರು. "ಇದೇನು ಬಿಳಿ?"

"ಕಾಗೆ, ಸರ್."

ಸಾಹೇಬರು ಸಹಿ ಹಾಕಿದರು. ಗಡುವಿಗೆ ಇನ್ನೂ ಎರಡು ದಿನ ಬಾಕಿ ಇತ್ತು.

ಮೆಟ್ಟಿಲಿಳಿಯುವಾಗ ಕಾವಲುಗಾರನ ಫೋನು ಬಂತು. "ಇನ್ನಾದ್ರೂ ಬೋರ್ಡನ್ನ ಒರೆಸಿ ಒಳಗಿಡ್ಲಾ ಮೇಡಂ? ನೋಡೋಕಾಗ್ತಿಲ್ಲ."

"ಇಡಿ," ಎಂದಳು. "ಬೆಡ್‌ಶೀಟು ಮಾತ್ರ ಒಗೆದು ಹೊದಿಸಿ."