ಬಲಗಡೆಯಿಂದ ಎರಡನೆಯವರು

ನನ್ನ ಸ್ವಭಾವ ಸ್ವಲ್ಪ ಖಾರ. ಮನೆಯವರಿಗೂ ಗೊತ್ತು, ಸ್ಟಾಫ್ ರೂಮಿಗೂ ಗೊತ್ತು, ನಾನು ದಿನಾ ಬೀದರದಿಂದ ಭಾಲ್ಕಿಗೆ ಹೋಗುವ ಬಸ್ಸಿನ ಕಂಡಕ್ಟರಿಗೂ ಗೊತ್ತು. ತಪ್ಪು ನನ್ನದಾದಾಗ ಮಾತ್ರ ಈ ಖಾರ ಎಲ್ಲಿ ಹೋಗಿ ಅಡಗಿಕೊಳ್ಳುತ್ತದೋ ದೇವರೇ ಬಲ್ಲ. ಇಲ್ಲಿ ಹೇಳುತ್ತಿರುವುದು ಅಂಥದೇ ಒಂದು ತಪ್ಪಿನ ಸಂಗತಿ. ಈಗ ನೆನೆದರೆ ನಗು ಬರುತ್ತದೆ. ಆಗ ಮಾತ್ರ ಎರಡು ದಿನ ಅನ್ನ ಸೇರಿರಲಿಲ್ಲ.

ಭಾಲ್ಕಿಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರುವ ಕಾರ್ಯಕ್ರಮವೊಂದು ನಿಗದಿಯಾಗಿತ್ತು. ಅದರ ನೆಪದಲ್ಲಿ ಸಾಮಾನಿನ ಕೋಣೆಯ ಕಪಾಟು ತೆರೆದರೆ, ಒಳಗೆ ಪ್ರತಿವರ್ಷದ ಗ್ರೂಪ್ ಫೋಟೋಗಳು. ಮುಂದೆ ಕುರ್ಚಿಯ ಮೇಲೆ ಕೈಕಟ್ಟಿ ಕುಳಿತ ಮಾಸ್ತರರು, ಹಿಂದೆ ಬೆಂಚು ಹತ್ತಿ ನಿಂತ ಮಕ್ಕಳು. ಕೆಳಗಿನ ರಟ್ಟಿನ ಮೇಲೆ ಎಲ್ಲರ ಹೆಸರೂ ಇದ್ದವಂತೆ. ಆದರೆ ಗೆದ್ದಲು ಹುಳ ಎಷ್ಟು ಅಚ್ಚುಕಟ್ಟಾಗಿ ತಿಂದಿತ್ತೆಂದರೆ, ಮುಖಗಳನ್ನು ಬಿಟ್ಟು ಹೆಸರನ್ನಷ್ಟೇ ಮುಗಿಸಿತ್ತು.

“ಇವನ್ನೆಲ್ಲಾ ಸ್ಕ್ಯಾನ್ ಮಾಡಿ, ಒಬ್ಬೊಬ್ಬರ ಮಾರಿ ಕೆಳಗ ಅವರವರ ಹೆಸರ ಹಾಕಿ, ದೊಡ್ಡದಾಗಿ ಪ್ರಿಂಟ್ ತಗದು ಗ್ವಾಡಿಗೆ ಹಚ್ಚೋಣ್ರಿ” ಎಂದರು ನಮ್ಮ ಹೆಡ್ ಮಾಸ್ತರರು. “ಯಾರ ಮಾಡ್ತೀರಿ?”

ಎಲ್ಲರೂ ನನ್ನ ಕಡೆ ನೋಡಿದರು. ನೋಡದೆ ಏನು ಮಾಡಿಯಾರು? ರಜೆಯಲ್ಲಿ ಕಂಪ್ಯೂಟರ್ ತರಬೇತಿಗೆ ಹೋಗಿ ಬಂದವಳು ನಾನು, ಬಂದ ಮೇಲೆ ಒಂದು ತಿಂಗಳು ಅದನ್ನೇ ಹೇಳಿ ಹೇಳಿ ಎಲ್ಲರ ತಲೆ ತಿಂದವಳೂ ನಾನೇ.

“ಒಂದೊಂದಾಗಿ ಕೈಲೆ ಹೆಸರ ಕೂಡಸ್ಕೋತ ಕುಂತರ ಮುಂದಿನ ಜನ್ಮಕ್ಕ ಮುಗೀತದ. ನಾ ಪೈಥಾನ್‌ನಾಗ ಒಂದು ಸ್ಕ್ರಿಪ್ಟ್ ಬರೀತೇನಿ” ಎಂದೆ, ಭಾರೀ ಗತ್ತಿನಿಂದ.

ಸ್ಕ್ರಿಪ್ಟ್ ಎಂದರೆ ಮತ್ತೇನಲ್ಲ, ಕಂಪ್ಯೂಟರಿಗೆ ಸಾಲುಸಾಲಾಗಿ ಬರೆದುಕೊಡುವ ಕೆಲಸದ ಪಟ್ಟಿ. ಈ ಫೋಟೋ ತೆಗೆ, ಈ ಜಾಗದಲ್ಲಿ ಈ ಹೆಸರು ಬರೆ, ಉಳಿಸು, ಮುಂದಿನದನ್ನು ತೆಗೆ. ಅದು ಬೇಸರಿಸದೆ ಮಾಡುತ್ತ ಹೋಗುತ್ತದೆ. ಆದರೆ ಮೊದಲ ದಿನ ಓಡಿಸಿದಾಗ ಹೆಸರಿನ ಬದಲು ಖಾಲಿ ಚೌಕಗಳು ಬಂದವು, ಏಕೆಂದರೆ ನಾನು ಕನ್ನಡದ ಫಾಂಟ್ ಕೊಟ್ಟಿರಲಿಲ್ಲ. ಕೊಟ್ಟೆ. ಆಗ ಅಕ್ಷರ ಬಂದವು, ಒತ್ತಕ್ಷರಗಳು ಮಾತ್ರ ಸಿಟ್ಟು ಮಾಡಿಕೊಂಡವರ ಹಾಗೆ ದೂರ ಹೋಗಿ ನಿಂತವು.

“ಮೇಡಂ, ನಿಮ್ಮ ಕಂಪ್ಯೂಟರ್ ಇನ್ನಾ ಒಂದನೇ ಇಯತ್ತೇದಾಗ ಅದ ಏನ್ರಿ? ಒತ್ತು ಬರಾಂಗಿಲ್ಲಲ್ಲ ಅದಕ್ಕ!” ಎಂದು ಪಿ.ಟಿ. ಮಾಸ್ತರರು ಕಾಡಿದರು.

ನಾಲ್ಕು ದಿನ ಗುದ್ದಾಡಿ, ಅಕ್ಷರಗಳನ್ನು ಸರಿಯಾಗಿ ಕೂಡಿಸುವ ಇನ್ನೊಂದು ಸಾಫ್ಟ್‌ವೇರ್ ಹಾಕಿ, ಒತ್ತುಗಳನ್ನು ಜಾಗಕ್ಕೆ ತಂದೆ. ಬಿಳಿ ಅಂಗಿಯ ಮೇಲೆ ಬಿಳಿ ಅಕ್ಷರ ಕಾಣಲಿಲ್ಲ. ಹಿಂದೆ ಕಪ್ಪು ಪಟ್ಟಿ ಎಳೆಸಿದೆ. ಕೊನೆಗೆ ಒಂದು ಫೋಟೋ ಸರಿಯಾಗಿ ಬಂದಾಗ ಆದ ಖುಷಿ, ಅಬ್ಬಾ, ಅದನ್ನು ಹೇಳಲಾರೆ. ಸ್ಟಾಫ್ ರೂಮಿಗೆಲ್ಲ ನನ್ನ ಖರ್ಚಿನಲ್ಲೇ ಚಹಾ ತರಿಸಿದೆ.

ಇನ್ನು ಹೆಸರುಗಳು ಬೇಕಿದ್ದವು. ಅವು ಇದ್ದದ್ದು ಒಬ್ಬರೇ ಒಬ್ಬರ ಹತ್ತಿರ. ನಿವೃತ್ತರಾಗಿ ಎಷ್ಟೋ ವರ್ಷವಾದ ಡ್ರಾಯಿಂಗ್ ಮಾಸ್ತರರು, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ಸಾಹೇಬರು. ಅವರ ಕಾಲದಲ್ಲಿ ಫೋಟೋದ ದಿನ ಯಾರು ಎಲ್ಲಿ ಕೂಡಬೇಕು, ಯಾರು ಎಲ್ಲಿ ನಿಲ್ಲಬೇಕು ಎಂದು ಹೊಂದಿಸುತ್ತಿದ್ದವರು ಅವರೇ. ಹೊಂದಿಸಿದಂತೆ ಹೆಸರುಗಳನ್ನು ತಮ್ಮ ವಹಿಯಲ್ಲಿ ಉರ್ದುವಿನಲ್ಲಿ ಬರೆದಿಟ್ಟಿದ್ದರು. ನನಗೆ ಉರ್ದು ಓದಲು ಬರುವುದಿಲ್ಲ. ಅದಕ್ಕೇ ಅವರು ದಿನಾ ಮಧ್ಯಾಹ್ನ ಶಾಲೆಗೆ ಬಂದು, ಕನ್ನಡಕ ಒರೆಸಿಕೊಂಡು, ಸಾಲಿನಂತೆ ಓದುವುದು. ನಾನು ಹಾಗೇ ಟೈಪ್ ಮಾಡುವುದು. ಆಮೇಲೆ ನಾನೊಬ್ಬಳೇ ಕುಳಿತು ಪ್ರತಿ ಫೋಟೋದಲ್ಲಿ ಎಡಗಡೆಯಿಂದ ಒಂದೊಂದೇ ಮುಖದ ಮೇಲೆ ಮೌಸ್ ಒತ್ತುತ್ತ ಹೋಗುವುದು. ಮೊದಲ ಮುಖಕ್ಕೆ ಮೊದಲ ಹೆಸರು, ಎರಡನೆಯದಕ್ಕೆ ಎರಡನೆಯದು. ಉಳಿದದ್ದೆಲ್ಲ ಸ್ಕ್ರಿಪ್ಟ್ ನೋಡಿಕೊಳ್ಳುತ್ತಿತ್ತು.

ಸಾಹೇಬರಿಗೆ ಬರೀ ಹೆಸರು ಓದಿ ಗೊತ್ತಿಲ್ಲ. ಪ್ರತಿ ಹೆಸರಿಗೂ ಒಂದು ಕತೆ. ಇವನ ಅಕ್ಷರ ಮುತ್ತಿನಂಥದು, ಇವನ ಅಪ್ಪನ ಚಕ್ಕಡಿ ಹೊಳೆಯಲ್ಲಿ ಸಿಕ್ಕಿತ್ತು, ಹೀಗೆ. ಒಂದು ದಿನ ಗಣಿತ ಮಾಸ್ತರರೊಬ್ಬರ ಹೆಸರು ಓದಿ, ವಹಿಯ ಮೇಲೆ ಬೆರಳಿಟ್ಟು, “ಅರೇ, ಇಂವ… ಇಂವ ನನ್ನ…” ಎಂದು ಸುರು ಮಾಡಿದರು.

“ಸರ್, ಕತಿ ಆಮ್ಯಾಲ ಕೇಳ್ತೇನ್ರಿ. ಬರೇ ಹೆಸರ ಹೇಳ್ರಿ, ನನಗ ಬಸ್ಸಿನ ಟೈಮ್ ಆಗ್ತದ” ಎಂದೆ. ಅವರು ಸುಮ್ಮನೆ ಮುಂದಿನ ಹೆಸರು ಓದಿದರು. ಆ ಬಾಯಿ ಅಂದು ನಾನು ಮುಚ್ಚಿಸದಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ.

ಕೆಲಸ ಮುಗಿಯಿತು. ಸರಿ ಇದೆಯೋ ಇಲ್ಲವೋ ನೋಡಲು ಪ್ರತಿ ಫೋಟೋದಲ್ಲಿ ಕುರ್ಚಿಯ ಸಾಲಿನ ನಟ್ಟನಡುವೆ ಕುಳಿತ ಆಗಿನ ಹೆಡ್ ಮಾಸ್ತರರನ್ನು ನೋಡಿದೆ. ಅವರ ಫೋಟೋ ಆಫೀಸಿನಲ್ಲಿ ತೂಗುಹಾಕಿದೆ, ಮುಖ ಗೊತ್ತು. ಎಲ್ಲದರಲ್ಲೂ ಅವರ ಕೆಳಗೆ ಅವರದೇ ಹೆಸರು. ಸಾಕಲ್ಲ, ಇನ್ನೇನು!

ಆ ವಾರವೇ, ಹಳೆಯ ಫೋಟೋಗಳು ಸಿಕ್ಕ ಸುದ್ದಿ ಕೇಳಿ, ಔರಾದದಿಂದ ಒಬ್ಬ ಹೆಂಗಸು ಶಾಲೆಗೆ ಬಂದರು. ಅರವತ್ತು ದಾಟಿದವರು, ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ನನ್ನ ಎದುರು ಕುಳಿತು, ಕೈಚೀಲ ಮಡಿಲಲ್ಲಿಟ್ಟುಕೊಂಡು, ಆ ಗಣಿತ ಮಾಸ್ತರರ ಹೆಸರು ಹೇಳಿದರು.

“ಅವರು ನಮ್ಮಪ್ಪರಿ. ನಾ ಅವ್ವನ ಹೊಟ್ಟ್ಯಾಗ ಇದ್ದಾಗೇ ತೀರಿಕೊಂಡರು. ಮನ್ಯಾಗ ಒಂದು ಫೋಟೋ ಇತ್ತಂತ, ಗ್ವಾಡಿ ಬಿದ್ದಾಗ ಮಣ್ಣಾಗ ಹೋತು. ಅವ್ವಾ ಇರೋತನ ಅವ್ವನ ಮಾತಿನ್ಯಾಗ ನೋಡ್ತಿದ್ದೆ. ಈಗ ಅವ್ವಾನೂ ಇಲ್ಲ. ನಮ್ಮಪ್ಪನ ಮಾರಿ ನಾ ನೋಡೇ ಇಲ್ರಿ ಮೇಡಂ.”

ಅಂದೇ ಆ ಮಾಸ್ತರರ ಹೆಸರಿದ್ದ ವರ್ಷದ ಫೋಟೋ ತೆಗೆದೆ. ಕುರ್ಚಿಯಲ್ಲಿ ಏಳು ಜನ. ಅವರಪ್ಪನ ಹೆಸರು ಬಲಗಡೆಯಿಂದ ಎರಡನೆಯವರ ಕೆಳಗೆ. ಆ ಮುಖವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿ, ಕೆಳಗೆ ಹೆಸರು ಹಾಕಿ, ಬೀದರದಲ್ಲಿ ಪ್ರಿಂಟ್ ತೆಗೆಸಿ, ನಮ್ಮ ಕಡೆಯ ರೂಢಿಯಂತೆ ಔರಾದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದೆ. ಸಂಜೆಗೆ ಅವರ ಫೋನ್ ಬಂತು. ಬಹಳ ಹೊತ್ತು ಅತ್ತರು. ಕೊನೆಯಲ್ಲಿ ಸ್ವಲ್ಪ ಅಳುಕಿ ಕೇಳಿದರು:

“ನಮ್ಮವ್ವ, ಅಪ್ಪಂದು ಎರಡೂ ಹುಬ್ಬು ಕೂಡಿದ್ದವು ಅಂತಿದ್ದಳ್ರಿ. ಇದರಾಗ ಹಂಗ ಕಾಣವಲ್ದು.”

“ಹಳೀ ಫೋಟೋರಿ, ಅಷ್ಟೆಲ್ಲಾ ಕಾಣಾಂಗಿಲ್ಲ. ಕಂಪ್ಯೂಟರ್ ಸುಳ್ಳ ಹೇಳಾಂಗಿಲ್ರಿ” ಎಂದೆ. ಅವರು ಹೌದೆಂದು ಒಪ್ಪಿಕೊಂಡರು.

ಒಂದು ತಿಂಗಳಾದ ಮೇಲೆ ಗೋಡೆಗೆ ಹಚ್ಚುವ ಮೊದಲು ನೋಡಲಿ ಎಂದು ಮಾದರಿಯ ಪ್ರಿಂಟುಗಳನ್ನು ಶಾಲೆಯ ಹಾಲ್‌ನಲ್ಲಿ ಹರಡಿ ಸಾಹೇಬರನ್ನು ಕರೆಸಿದೆ. ಕೋಲೂರಿಕೊಂಡು ಒಂದೊಂದನ್ನೇ ನೋಡುತ್ತ ಬಂದವರು ಒಂದು ಕಡೆ ನಿಂತರು. ಬಗ್ಗಿದರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

“ಮೇಡಂ, ತೀರಿಹೋದಾವನ ಹೆಸರ ತಂದು ನನ್ನ ಕೊರಳಿಗೆ ಯಾಕ ಕಟ್ಟೀರಿ?”

ಬಲಗಡೆಯಿಂದ ಎರಡನೆಯವರು! ಆ ತೆಳ್ಳಗಿನ ಮೀಸೆಯ ಹುಡುಗನಂಥ ಮಾಸ್ತರ ಬೇರೆ ಯಾರೂ ಅಲ್ಲ, ಇದೇ ಸಾಹೇಬರು. ಎಡಗಡೆಯಿಂದ ಎರಡನೆಯ ಕುರ್ಚಿಯಲ್ಲಿ, ಸಾಹೇಬರ ಹೆಸರು ಹೊತ್ತು ಕುಳಿತಿದ್ದವರು ಗಣಿತ ಮಾಸ್ತರರು. ಹುಬ್ಬುಗಳು ಕೂಡಿದ್ದವು.

“ಸರ್, ನೀವು ಹೆಸರ ಯಾವ ಕಡಿಂದ ಓದಿದ್ರಿ?”

“ಬಲಗಡಿಂದ. ಮತ್ತ ಯಾವ ಕಡಿಂದ ಓದ್ತಾರ?” ಎಂದರು ಅವರು, ನನ್ನನ್ನೇ ದಡ್ಡಿಯನ್ನು ನೋಡಿದಂತೆ ನೋಡುತ್ತ.

ಉರ್ದು ಬಲದಿಂದ ಎಡಕ್ಕೆ ಸಾಗುವ ಲಿಪಿ, ಸಾಹೇಬರು ಸಾಲಿನ ಹೆಸರುಗಳನ್ನೂ ಬಲದಿಂದಲೇ ಬರೆದಿದ್ದರು, ಬಲದಿಂದಲೇ ಓದಿದ್ದರು. ನಾನು ಎಡದಿಂದ ಒತ್ತಿದ್ದೆ. ಇಬ್ಬರಿಗೂ ಕೇಳಬೇಕೆಂದೇ ಅನ್ನಿಸಿರಲಿಲ್ಲ. ಯಾವ ಕಡೆಯಿಂದ ಎಣಿಸಿದರೂ ನಡುವಿನವರು ನಡುವಿನವರೇ, ಹಾಗಾಗಿ ಹೆಡ್ ಮಾಸ್ತರರನ್ನು ನೋಡಿ ನಾನು ನಿಶ್ಚಿಂತಳಾಗಿದ್ದೆ. ಸ್ಕ್ರಿಪ್ಟಿನಲ್ಲಿ ಒಂದೇ ಒಂದು ಸಾಲು ಸೇರಿಸಿದೆ, ಪ್ರತಿ ಸಾಲಿನ ಹೆಸರುಗಳನ್ನು ತಿರುವಿಹಾಕು ಎಂದು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಎಲ್ಲ ಫೋಟೋಗಳೂ ಸರಿಯಾದವು. ಔರಾದದ ಗೋಡೆಯ ಮೇಲಿದ್ದ ಒಂದನ್ನು ತಿದ್ದಲು ಮಾತ್ರ ಯಾವ ಸಾಲೂ ಇರಲಿಲ್ಲ.

ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಹೇಳದೇ ಬಿಟ್ಟರೆ ಹೇಗೆ ಎಂದೂ ಒಂದು ಗಳಿಗೆ ಯೋಚಿಸಿದೆ, ಸುಳ್ಳೇಕೆ ಹೇಳಲಿ. ಆಮೇಲೆ ನನ್ನ ಮೇಲೇ ನನಗೆ ಹೇಸಿಗೆಯಾಯಿತು.

“ನಾನೂ ಬರ್ತೇನಿ. ಅವನ ಮಗಳ್ನ ನಾ ನೋಡಿಲ್ಲ” ಎಂದರು ಸಾಹೇಬರು.

ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಇಬ್ಬರೂ ಔರಾದ ಬಸ್ಸು ಹತ್ತಿದೆವು. ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಂದಿದ್ದರು. ದಾರಿಯುದ್ದಕ್ಕೂ, ಅಂದು ನಾನು ಕತ್ತರಿಸಿದ ಕತೆಯನ್ನು ಹೇಳಿದರು. ಗಣಿತ ಮಾಸ್ತರರು ಸಾಯಗಾಂವದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು. ಬೋರ್ಡಿನ ಮೇಲೆ ಕಂಪಾಸಿಲ್ಲದೆ ದುಂಡಗೆ ವೃತ್ತ ಬರೆಯುವುದನ್ನು ಸಾಹೇಬರಿಗೆ ಕಲಿಸಿದವರು ಅವರು. ಫೋಟೋದ ದಿನ ತಾವಿಬ್ಬರೂ ಹೆಡ್ ಮಾಸ್ತರರ ಆಚೀಚೆ ಸಮ ಅಂತರದಲ್ಲಿ ಕೂಡಬೇಕೆಂದು ಸಾಹೇಬರೇ ಹೊಂದಿಸಿದ್ದರಂತೆ. ಈ ಬಾರಿ ನಾನು ಒಂದು ಮಾತೂ ಕತ್ತರಿಸಲಿಲ್ಲ.

ನರ್ಸಬಾಯಿ ಬಾಗಿಲಿಗೇ ಬಂದು ಕರೆದೊಯ್ದರು. ಪಡಸಾಲೆಯ ಎದುರಿನ ಗೋಡೆಯ ಮೇಲೆ ಕಟ್ಟು ಹಾಕಿಸಿದ ಫೋಟೋ. ತಾಜಾ ಚೆಂಡುಹೂವಿನ ಮಾಲೆ, ಗಾಜಿನ ಮೇಲೆ ಕುಂಕುಮ. ಅದರ ಕೆಳಗಿನ ಕುರ್ಚಿಯಲ್ಲೇ ಸಾಹೇಬರನ್ನು ಕೂಡಿಸಿ ಚುಡವಾ, ಚಹಾ ತಂದಿಟ್ಟರು. ನನಗೆ ಚಹಾ ಇಳಿಯಲಿಲ್ಲ. ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ.

“ತಪ್ಪು ನಂದರಿ. ನೀವು ಹುಬ್ಬಿನ ಮಾತ ಎತ್ತಿದ್ರಿ. ನಾನೇ ನಿಮ್ಮನ್ನ ಸುಮ್ಮ ಕೂಡಸಿದೆ.”

ಅವರು ಗೋಡೆಯ ಫೋಟೋ ನೋಡಿದರು, ಕೆಳಗೆ ಕುಳಿತ ಮುದುಕರನ್ನು ನೋಡಿದರು, ಮತ್ತೆ ಫೋಟೋ ನೋಡಿದರು.

“ಹಂಗಾರ ಇಷ್ಟು ದಿನಾ ನಾ ಯಾರಿಗೆ ಕೈ ಮುಗದೆ?”

“ನನಗ, ಬೇಟಿ” ಎಂದರು ಸಾಹೇಬರು ತಲೆ ತಗ್ಗಿಸಿ. “ಮಾಫ್ ಮಾಡವ್ವ.”

ನಾನು ಹೊಸ ಫೋಟೋ ತೆಗೆದು ಅವರ ಕೈಗಿಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ನಂತರ ಗೋಡೆಯ ಕನ್ನಡಿಯ ಮುಂದೆ ಹೋಗಿ, ಫೋಟೋವನ್ನು ತಮ್ಮ ಕೆನ್ನೆಯ ಪಕ್ಕ ಹಿಡಿದು ನಿಂತರು. ಆಗ ನಾನೂ ಕಂಡೆ. ನರೆತಿದ್ದರೂ ಅವರ ಹುಬ್ಬುಗಳು ನಡುವೆ ಕೂಡಿದ್ದವು. ಇಷ್ಟು ದಿನ ಎದುರಿಗೇ ಕುಳಿತು ಮಾತಾಡಿದ್ದೆ, ಕಣ್ಣಿದ್ದೂ ನೋಡಿರಲಿಲ್ಲ.

“ಸಾಲ್ಯಾಗ ಹುಡುಗ್ಯಾರು ಕಾಡಸ್ತಿದ್ರು, ಇಕೀ ಹುಬ್ಬು ಒಂದೇ ಅದ ಅಂತ. ಅವ್ವಗ ಹೇಳಿ ಅಳ್ತಿದ್ದೆ” ಎಂದರು. ನಗುತ್ತಲೇ ಇದ್ದರು, ಕಣ್ಣೀರು ಇಳಿಯುತ್ತಲೇ ಇತ್ತು. “ಅಪ್ಪಾ, ನಿನ್ನವೇ ಏನಿವು?”

ಸಾಹೇಬರು ಅತ್ತರು. ನಾನೂ ಅತ್ತೆ, ನಾಚಿಕೆಯಿಲ್ಲದೆ.

ಸ್ವಲ್ಪ ಹೊತ್ತಾದ ಮೇಲೆ ನರ್ಸಬಾಯಿ ಎದ್ದು ಗೋಡೆಯ ಫೋಟೋದ ಮಾಲೆ ತೆಗೆದರು, ಸೆರಗಿನಿಂದ ಗಾಜಿನ ಕುಂಕುಮ ಒರೆಸಿದರು. ಮಾಲೆಯನ್ನು ತಮ್ಮ ಅಪ್ಪನಿಗೆ ಹಾಕಿದರು. ಹಳೆಯ ಕಟ್ಟು ನನಗೆ ವಾಪಸು ಕೊಡುತ್ತಾರೆಂದು ನಾನು ಕೈ ಚಾಚಿದೆ. ಅವರು ಕೊಡಲಿಲ್ಲ.

“ಇದು ಇಲ್ಲೇ ಇರ್ತದ್ರಿ. ಮಮ್ಮಗನಿಗೆ ಜ್ವರ ಬಂದಾಗ ಇವರ ಮುಂದೇ ಹೇಳ್ಕೊಂಡೀನಿ. ಮಗಳ ಟ್ರಾನ್ಸ್‌ಫರ್ ಆಗ್ಲಿ ಅಂತ ಇವರನ್ನೇ ಕೇಳೀನಿ. ಆತು ಕೂಡ.”

“ಟ್ರಾನ್ಸ್‌ಫರ್ ನಾನೇ ಮಾಡಸೀನಿ ಅನ್ನು!” ಎಂದು ಸಾಹೇಬರು ಕಣ್ಣೊರೆಸಿಕೊಂಡರು.

“ಹೌದ್ರಿ ಮತ್ತ. ಮೇಡಂ, ಇದರ ಕೆಳಗಿನ ಹೆಸರೊಂದು ಬದಲಿ ಮಾಡಿ ಕೊಡ್ರಿ.”

“ಸಾಹೇಬರ ಹೆಸರ ಹಾಕ್ತೇನ್ರಿ.”

“ಹೆಸರ ಬ್ಯಾಡ್ರಿ. ‘ಕಾಕಾ’ ಅಂತ ಅಷ್ಟೇ ಹಾಕ್ರಿ.”

ಸಾಹೇಬರು ಗೋಡೆಯ ಮೇಲಿನ ತಮ್ಮನ್ನೇ ಬಹಳ ಹೊತ್ತು ನೋಡಿದರು.

“ಹಾಕ್ರಿ ಮೇಡಂ, ಹಂಗೇ ಹಾಕ್ರಿ” ಎಂದರು. ಆಮೇಲೆ ನರ್ಸಬಾಯಿಯ ಕಡೆ ತಿರುಗಿ, “ಆದ್ರ ಬೇಟಿ, ಮಾಲಿಗೆ ಮಾತ್ರ ಇನ್ನಾ ಸ್ವಲ್ಪ ದಿನಾ ತಡೀ” ಎಂದರು.