ಪಿಟೀಲು ಸಾಹೇಬರ ನಲವತ್ತೊಂದನೇ ಟ್ಯೂನ್

ಹೋದ ತಿಂಗಳು ಒಂದು ಶನಿವಾರ ನಾವು ನಾಲ್ಕು ಜನ ಸೇರಿ ಒಗೆದ ಬಟ್ಟೆಯನ್ನೇ ಮೂರು ಸಲ ಒಗೆದೆವು.

ಬಟ್ಟೆಯಲ್ಲಿ ಕೊಳೆ ಇರಲಿಲ್ಲ. ಕರ್ಟನ್ ಬಿಚ್ಚಿ ಹಾಕಿದೆವು, ಅದರಲ್ಲೂ ಇರಲಿಲ್ಲ. (ನಸ್ರೀನ್ ಮನೆಯಲ್ಲಿ ಕೊಳೆ ಹುಡುಕುವುದು ಕಷ್ಟ.) ನೀರು ಉಳಿಸಬೇಕೆಂದು ಲಾನ್ ಒಣಗಿಸಿಕೊಂಡು ಕೂತಿರುವ ಅಕ್ಕಪಕ್ಕದವರು ನೋಡಿದ್ದರೆ ಏನೆಂದುಕೊಳ್ಳುತ್ತಿದ್ದರೋ! ಆದರೆ ನಮಗೆ ಬೇಕಾಗಿದ್ದುದು ಶುಭ್ರವಾದ ಬಟ್ಟೆಯಲ್ಲ. ಮೆಷೀನು ಕೊನೆಯಲ್ಲಿ ಹಾಡುವ ಹಾಡು.

ಇರಿ, ಮೊದಲಿಂದ ಹೇಳುತ್ತೇನೆ.

ನಸ್ರೀನ್ ನನ್ನ ಗೆಳತಿ. ಮೈಸೂರಿನವಳು, ಸ್ಯಾನ್ ಡಿಯಾಗೋದ ಫೋರ್ ಎಸ್ ರ್ಯಾಂಚ್‌ನಲ್ಲಿ ಮನೆ. ಅವಳ ತಾತ ಟಿ. ನರಸೀಪುರದ ಕಡೆಯ ಒಂದು ಹಳ್ಳಿಯಲ್ಲಿ ಪಿಟೀಲು ನುಡಿಸುತ್ತಿದ್ದವರು. ಮದುವೆ, ನಾಟಕ, ಭಜನೆ, ಸ್ಕೂಲ್ ಡೇ, ಯಾರು ಕರೆದರೂ ಹೊರಟೇಬಿಡುತ್ತಿದ್ದರಂತೆ. ಊರಿಗೆಲ್ಲ ಅವರು ಪಿಟೀಲು ಸಾಹೇಬರು. ತೀರಿಕೊಂಡು ಎರಡು ವರ್ಷವಾಯಿತು. ಈ ವರ್ಷ ಅವರ ಮಗ, ನಸ್ರೀನ್‌ಳ ತಂದೆ ಬಶೀರ್ ಅಂಕಲ್ ಮೈಸೂರಿನಿಂದ ಬರುವಾಗ ಸೂಟ್‌ಕೇಸಿನಲ್ಲಿ ಸಾಹೇಬರ ಡೈರಿ ತಂದರು. ಯಾವುದೋ ಬ್ಯಾಂಕು ಎಂಬತ್ತರ ದಶಕದಲ್ಲಿ ಪುಕ್ಕಟೆ ಕೊಟ್ಟ ಡೈರಿ. ಅದರ ತುಂಬ ಪೆನ್ಸಿಲಿನಲ್ಲಿ ಬರೆದ ಸ್ವರಗಳು. ಒಟ್ಟು ನಲವತ್ತೊಂದು ಟ್ಯೂನು.

ಸಾಹೇಬರು ಎಷ್ಟು ಪ್ರಾಮಾಣಿಕರೆಂದರೆ ಪ್ರತಿಯೊಂದರ ಮೇಲೂ ಅದು ಎಲ್ಲಿಂದ ಬಂತು ಎಂದು ಬರೆದಿಟ್ಟಿದ್ದರು. ‘ಕೇಳಿದ್ದು: ಕಲಾಯಿ ಹಾಕುವವನ ಬಾಯಲ್ಲಿ.’ ‘ಕೇಳಿದ್ದು: ಹಾರ್ಮೋನಿಯಂ ಮೇಷ್ಟ್ರು, ನೆಗಡಿಯಾಗಿದ್ದಾಗ.’ ‘ಕೇಳಿದ್ದು: ಕೊಳ್ಳೇಗಾಲದ ಬಸ್ಸಿನ ಹಾರನ್.’

ಬಶೀರ್ ಅಂಕಲ್‌ಗೆ ಇದೇ ಸಂಕಟ.

“ನಮ್ಮೂರಲ್ಲಿ ಏನಂತಿದ್ರು ಗೊತ್ತಾಮ್ಮ? ಸಾಹೇಬ್ರು ಏನ್ ಕೊಟ್ರೂ ನುಡಿಸ್ತಾರೆ, ಆದ್ರೆ ಅವರ್ದೂ ಅಂತ ಒಂದೂ ಇಲ್ಲ ಅಂತಿದ್ರು. ನಮ್ಮ ಅಬ್ಬಾ ನಗ್ತಿದ್ರು. ನಂಗೆ ಹೊಟ್ಟೆ ಉರೀತಿತ್ತು. ನೀವು ಓದ್ಕೊಂಡೋರು, ನೋಡಿ ಹೇಳಿ. ಒಂದಾದ್ರೂ ಅಬ್ಬಾನದು ಇರ್ಬೇಕಲ್ವಾ?”

ಓದಿಕೊಂಡವರು ಎಂದರೆ ನಾನು ಉಬ್ಬುತ್ತೇನೆ, ನಿಮಗೆ ಗೊತ್ತೇ ಇದೆ. ಡೈರಿಯ ಫೋಟೋ ತೆಗೆದುಕೊಂಡು ಸೆರಿಟೋಸ್‌ನ ನಮ್ಮ ಮನೆಗೆ ಬಂದೆ. ಎರಡು ವಾರ ಅನ್ನ ಸಾರು ಮರೆತು ಕೂತೆ. (ಮನೆಯವರು ಮರೆಯಲಿಲ್ಲ, ಆರ್ಡರ್ ಮಾಡಿಕೊಂಡರು.) ನಲವತ್ತು ಟ್ಯೂನುಗಳ ಮೂಲ ಸಾಹೇಬರೇ ಹೇಳಿದ್ದರು. ಉಳಿದದ್ದು ಕೊನೆಯದೊಂದು, ನಲವತ್ತೊಂದನೆಯದು. ಅದರ ಮೇಲೆ ಯಾರ ಹೆಸರೂ ಇರಲಿಲ್ಲ. ಇದ್ದದ್ದು ಇಷ್ಟೇ: ‘ಕೇಳಿದ್ದು: ಅಡುಗೆಮನೆ ಪಕ್ಕ. ಬುಧವಾರ, ಶನಿವಾರ.’

ನನಗೆ ಮೈ ಜುಮ್ಮೆಂದಿತು. ಅಡುಗೆಮನೆಯ ಪಕ್ಕ ಏನಿರುತ್ತದೆ? ಬೀಸುಕಲ್ಲು! ವಾರಕ್ಕೆರಡು ದಿನ ರಾಗಿ ಬೀಸುವ ಹೆಂಗಸರು! ಪುಟದ ಮೇಲೆ ಅಚ್ಚಾದ ತಾರೀಕೂ ಆ ಕಾಲದ್ದೇ. ಸ್ವರಗಳನ್ನು ಮತ್ತೆ ಮತ್ತೆ ಗುನುಗಿದೆ. ಹೌದು, ಗುಂಡಗೆ ತಿರುಗುವ ಲಯ.

“ಹಂಗಾದ್ರೆ ಇದೂ ಅಬ್ಬಾನದಲ್ವಾ?” ಫೋನಿನಲ್ಲಿ ಬಶೀರ್ ಅಂಕಲ್ ದನಿ ಇಳಿಯಿತು.

“ಅಲ್ಲ ಅಂಕಲ್. ಇದು ಜಾನಪದ. ನೂರಾರು ವರ್ಷದ್ದು” ಎಂದೆ. ಎಂಥ ಠೀವಿ!

ನಮ್ಮ ಕನ್ನಡ ಬಳಗದ ಕಾರ್ಯಕ್ರಮಕ್ಕೆ ಅದನ್ನೇ ಆರಿಸಿದೆವು. ಹನ್ನೆರಡು ಮಕ್ಕಳು ವಯೊಲಿನ್‌ನಲ್ಲಿ ಕಲಿತರು. ಕರಪತ್ರಕ್ಕೆ ನಾನೇ ಬರೆದುಕೊಟ್ಟೆ: ‘ನಮ್ಮ ತಾಯಂದಿರು ಬೆವರಿನಲ್ಲಿ ನೆನೆಸಿದ ಅಪರೂಪದ ಬೀಸುಕಲ್ಲಿನ ಪದ.’ ಇನ್ನೂರು ಪ್ರತಿ ಪ್ರಿಂಟ್ ಆಯಿತು.

ಕಾರ್ಯಕ್ರಮಕ್ಕೆ ಎಂಟು ದಿನವಿರುವಾಗ, ಶನಿವಾರ ಬೆಳಿಗ್ಗೆ, ಎರಡು ಗಂಟೆ ಡ್ರೈವ್ ಮಾಡಿಕೊಂಡು ನಸ್ರೀನ್ ಮನೆಗೆ ಹೋದೆ. ಟೀ ಕುಡಿಯುತ್ತಿದ್ದೆವು. ಅಡುಗೆಮನೆಯ ಪಕ್ಕದ ಸಣ್ಣ ರೂಮಿನಿಂದ ತಾಯಂದಿರ ಬೆವರಿನ ಪದ ಕೇಳಿಸಿತು.

ವಾಷಿಂಗ್ ಮೆಷೀನು ಬಟ್ಟೆ ಒಗೆದು ಮುಗಿಸಿತ್ತು.

ನಸ್ರೀನ್‌ಳ ಮಗಳು ಜೋಯಾ ಫೋನಿನಿಂದ ತಲೆ ಎತ್ತದೆ, “ಯಾ, ಇಟ್ಸ್ ದ ವಾಷರ್ ಸಾಂಗ್” ಎಂದಳು. ಹನ್ನೆರಡು ವಯೊಲಿನ್‌ಗಳಲ್ಲಿ ಒಂದು ಅವಳದು.

“ನಿಂಗೆ ಗೊತ್ತಿತ್ತಾ?” ನಸ್ರೀನ್ ಕಿರುಚಿದಳು.

“ಎವ್ರಿಬಡಿ ನ್ಯೂ, ಮಾಮ್. ವಿ ಥಾಟ್ ದಟ್ ವಾಸ್ ದ ಜೋಕ್.”

ಆಗ ನಸ್ರೀನ್‌ಗೆ ಜ್ಞಾಪಕ ಬಂತು. ಎರಡು ಸಾವಿರದ ಇಪ್ಪತ್ತರಲ್ಲಿ ತಾತ ಮೂರು ತಿಂಗಳಿಗೆಂದು ಇಲ್ಲಿಗೆ ಬಂದಿದ್ದರು. ಕೋವಿಡ್ ಬಂತು, ಫ್ಲೈಟ್ ನಿಂತಿತು, ಒಂದೂವರೆ ವರ್ಷ ಇಲ್ಲೇ ಉಳಿದರು. ಮನೆಯವರೆಲ್ಲ ಒಂದೊಂದು ರೂಮಿನಲ್ಲಿ ಮೀಟಿಂಗು. ಸಾಹೇಬರಿಗೆ ಕೇಳಿಸಿಕೊಳ್ಳಲು ಸಿಕ್ಕಿದ್ದು ಮೆಷೀನು ಮಾತ್ರ, ಬುಧವಾರ ಮತ್ತು ಶನಿವಾರ. ಬರೆದುಕೊಂಡರು, ಜೊತೆಗೆ ತಂದಿದ್ದ ಡೈರಿಯಲ್ಲಿ.

ಡೈರಿ ಎಂಬತ್ತರ ದಶಕದ್ದಲ್ಲವೇ ಎಂದಿರಾ? ನಾನೂ ಅಲ್ಲೇ ಜಾರಿದ್ದು. ನಮ್ಮ ಮನೆಗಳಲ್ಲಿ ಡೈರಿಯನ್ನು ಅದರ ವರ್ಷದಲ್ಲಿ ಬರೆಯುವವರು ಯಾರು ಸ್ವಾಮಿ? ಪುಕ್ಕಟೆ ಬಂದದ್ದು ಬೀರು ಸೇರುತ್ತದೆ. ಖಾಲಿ ಹಾಳೆ ಇರುವ ತನಕ ಅದಕ್ಕೆ ವಯಸ್ಸಾಗುವುದಿಲ್ಲ. ನಮ್ಮಪ್ಪ ಹತ್ತು ವರ್ಷದ ಹಿಂದಿನ ಡೈರಿಯಲ್ಲಿ ಗ್ಯಾಸ್ ನಂಬರ್ ಬರೆಯುತ್ತಿದ್ದರು. ಇಷ್ಟು ಗೊತ್ತಿದ್ದೂ ತಾರೀಕು ನಂಬಿದೆನಲ್ಲ, ನನಗೇನು ಬಂದಿತ್ತು!

ಬಶೀರ್ ಅಂಕಲ್ ಟೀ ಲೋಟ ಕೆಳಗಿಟ್ಟರು. “ಕೊನೇಗೆ ಬಟ್ಟೆ ಒಗೆಯೋ ಡಬ್ಬದಿಂದಾನೂ ತಗೊಂಡ್ರಾ ಅಬ್ಬಾ?” ಎಂದರು. ಆ ಮುಖ ನೋಡಲಾಗಲಿಲ್ಲ. ನನಗೂ ಅಳು ಬಂತು, ಸುಳ್ಳೇಕೆ ಹೇಳಲಿ.

ಆಮೇಲೆ ಅವರೇ ಎದ್ದರು. “ಇನ್ನೊಂದ್ಸಲ ಹಾಕು, ನಸ್ರೀನ್. ಪೂರ್ತಿ ಕೇಳ್ಬೇಕು.”

ಹೀಗೆ ಶುರುವಾಯಿತು ಒಗೆತ. ಕ್ವಿಕ್ ವಾಷ್ ಅಂದರೂ ಅರ್ಧ ಗಂಟೆ. ಮೊದಲ ಸಲ ಹಾಡು ಬರುವ ಹೊತ್ತಿಗೆ ಯಾರೋ ಬೆಲ್ ಮಾಡಿದರು. ಎರಡನೇ ಸಲ ನಸ್ರೀನ್ ಸೀನಿದಳು. ಮೂರನೇ ಸಲ ಡೈರಿಯ ಪ್ರಕಾರ ಜೋಯಾ ಮೆಷೀನಿನ ಜೊತೆಗೇ ವಯೊಲಿನ್ ನುಡಿಸಿದಳು. ಒಂದು ಸಾಲು, ಎರಡು, ಮೂರು, ನಾಲ್ಕು. ಸ್ವರಕ್ಕೆ ಸ್ವರ ಒಂದೇ.

ಮೆಷೀನು ನಿಂತಿತು. ಜೋಯಾ ನಿಲ್ಲಲಿಲ್ಲ.

ಡೈರಿಯಲ್ಲಿ ಎಂಟು ಸಾಲಿದ್ದವು. ಐದನೆಯದು ಬೇರೆ ದಾರಿ ಹಿಡಿದು, ಆರು ಏಳರಲ್ಲಿ ಎಲ್ಲೆಲ್ಲೋ ಸುತ್ತಾಡಿ, ಎಂಟರಲ್ಲಿ ಮೆಲ್ಲಗೆ ಕೂತಿತು.

“ಅದು?” ಎಂದರು ಅಂಕಲ್.

“ಅದು ಮೆಷೀನಲ್ಲಿಲ್ಲ ಅಬ್ಬೂ” ಎಂದಳು ನಸ್ರೀನ್. ಅಂಕಲ್ ಮೆಷೀನಿನ ಮೇಲೆ ಕೈಯೂರಿಕೊಂಡು ಮಗುವಿನ ಹಾಗೆ ಅತ್ತರು. ನಾವು ಒದ್ದೆ ಕರ್ಟನ್ ಹಿಂಡುತ್ತಾ ನಿಂತೆವು.

(ಮೆಷೀನಿಗೆ ಆ ಹಾಡು ಎಲ್ಲಿಂದ ಬಂತು ಎಂದು ಗೂಗಲ್ ಮಾಡಿದೆ. ಯುರೋಪಿನ ಯಾವುದೋ ಹಳೆಯ ಹಾಡಂತೆ. ಅದೂ ಯಾರದೋ ಕೇಳಿಕೊಂಡೇ ಹಾಡುತ್ತಿದೆ. ಎಲ್ಲಿ ಕೇಳಿದ್ದು ಎಂದು ಹೇಳುವುದಿಲ್ಲ, ಅಷ್ಟೇ.)

ಕರಪತ್ರ ರದ್ದಿಗೆ ಹೋಯಿತು. ಸ್ಟೇಜ್ ಮೇಲೆ ಬಶೀರ್ ಅಂಕಲ್ ತಾವೇ ಮೈಕ್ ಹಿಡಿದು, “ಮೊದಲ ನಾಲ್ಕು ಸಾಲು ವಾಷಿಂಗ್ ಮೆಷೀನಿಂದು, ಆಮೇಲಿಂದು ನಮ್ಮ ತಂದೆಯವರದು” ಎಂದರು. ಜನ ನಕ್ಕರು. ಮಕ್ಕಳು ನುಡಿಸಿದರು. ಚಪ್ಪಾಳೆ ಬಂತು.

ಊಟದ ಸಾಲಿನಲ್ಲಿ ಉಡುಪಿ ಕಡೆಯ ಒಬ್ಬ ಆಂಟಿ, ಪರಿಚಯವೇನಿಲ್ಲ, ಸೀದಾ ಅಂಕಲ್ ಬಳಿ ಬಂದರು. “ಫಸ್ಟಿಗೆ ಬಾರೀ ಚಂದ ಇತ್ತು ಮಾರಾಯ್ರೆ. ನಿಮ್ಮ ತಂದೆಯವರದ್ದು ಬರುವಾಗ ಸ್ವಲ್ಪ ಎಳೆದ ಹಾಗಾಯ್ತು, ಬೇಜಾರು ಮಾಡ್ಬೇಡಿ” ಎಂದು ಪಲಾವ್ ಬಡಿಸಿಕೊಂಡು ಹೊರಟೇಹೋದರು.

ನನಗೆ ಕೋಪ ನೆತ್ತಿಗೇರಿತು. ಅಂಕಲ್ ಕಡೆ ತಿರುಗಿದರೆ ಅವರ ಮುಖ ಊರಗಲ ಆಗಿದೆ!

“ಕೇಳಿದ್ರೇನಮ್ಮ? ಬದುಕಿದ್ದಷ್ಟು ದಿನ ಅಬ್ಬಾಗೆ ಎಲ್ರೂ ಚೆನ್ನಾಗಿ ನುಡಿಸ್ತೀರಿ ಅಂದೋರೇ. ಟ್ಯೂನ್ ಚೆನ್ನಾಗಿಲ್ಲ ಅಂತ ಇವತ್ತು ಒಬ್ರು ಅಂದ್ರು!”

ಬೈಸಿಕೊಳ್ಳುವುದಕ್ಕಾದರೂ ನಮ್ಮದೂ ಅಂತ ಒಂದು ಬೇಡವೇ?