ಅನುಮಾನದಕ್ಕನ ಕಿವಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಪಿಂಗಾಣಿ ಕಾರ್ಖಾನೆಯ ತಪಾಸಣೆ ಕೋಣೆಯಲ್ಲಿ ಐವತ್ತಮೂರು ವರ್ಷದ ಹೆಂಗಸೊಬ್ಬರು ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಕೈಗಡಿಯಾರ ಬಿಚ್ಚಿ ಹೊರಗಿಟ್ಟು ಬರುತ್ತಾರೆ. ಅದರ ಟಿಕ್‌ಟಿಕ್ ಕೂಡ ಅಡ್ಡ ಬರಬಾರದು. ಎಡಗೈಯ ಮೂರು ಬೆರಳ ತುದಿಯಲ್ಲಿ ಕಪ್ ಎತ್ತಿ, ಮರದ ಕಡ್ಡಿಯಿಂದ ಅಂಚಿಗೆ ಮೆಲ್ಲಗೆ ಬಡಿಯುತ್ತಾರೆ. ಣಿಂಗ್ ಎಂದರೆ ಬಲಕ್ಕೆ. ಮತ್ತೆ ಣಿಂಗ್, ಬಲಕ್ಕೆ. ಮೂರನೆಯದೂ ಹಾಗೇ ಕೇಳಿಸಿತಲ್ಲ ಎಂದುಕೊಳ್ಳುವಷ್ಟರಲ್ಲಿ ಅದು ಎಡಕ್ಕೆ ಹೋಗಿರುತ್ತದೆ.

"ಇದಕ್ಕೆ ಗಂಟಲು ಕಟ್ಟಿದೆ," ಎನ್ನುತ್ತಾರೆ.

ಕಣ್ಣಿಗೆ ಕಾಣದ ಬಿರುಕು ಅವರ ಕಿವಿಗೆ ಕೇಳುತ್ತದೆ. ದಿನಕ್ಕೆ ಸಾವಿರದ ಇನ್ನೂರು ಕಪ್, ಹತ್ತೊಂಬತ್ತು ವರ್ಷ. ಕಾರ್ಖಾನೆಯಲ್ಲಿ ಎಲ್ಲರಿಗೂ ಅವರು ಅನುಮಾನದಕ್ಕ. ಗಂಡ ಹೇಳುವುದು ಬೇರೆ: "ನಾನು ಆರೋಗ್ಯವಾಗಿದೀನಿ ಅಂದ್ರೆ ನಂಬಲ್ಲ ರೀ. ಬೆನ್ನು ತಟ್ಟಿ ನೋಡ್ತಾಳೆ!"

ಅಕ್ಕನ ಕಿವಿ ಹುಟ್ಟಿನಿಂದಲೇ ಚುರುಕು. ಬೀದಿಯ ತುದಿಯ ಹೆಜ್ಜೆ ಕೇಳಿಯೇ ಬರುವವರು ಯಾರೆಂದು ಹೇಳುತ್ತಿದ್ದರಂತೆ. ಆ ಕಿವಿಯ ಮೇಲಿನ ನಂಬಿಕೆಯೇ ಮೊದಲ ವರ್ಷ ಕೈಕೊಟ್ಟಿತು. ಹರಟುತ್ತ ಬಡಿದು ಬಲಕ್ಕಿಟ್ಟ ಕಪ್ಪೊಂದು, ಪ್ಯಾಕಿಂಗ್ ವಿಭಾಗದಲ್ಲಿದ್ದ ನಾದಿನಿಯ ಕೈಯಲ್ಲೇ, ಬಿಸಿ ಟೀ ಸಮೇತ ಸೀಳಿಹೋಯಿತು. ಹೆಬ್ಬೆರಳ ಬುಡದ ಗಾಯದ ಗುರುತು ಇಂದಿಗೂ ಇದೆ.

"ಅವತ್ತಿಂದ ನನ್ನ ಕಿವೀನ ನಾನೇ ನಂಬಲ್ಲ," ಎನ್ನುತ್ತಾರೆ ಅಕ್ಕ.

ಅಂದಿನಿಂದ ದಿನವೂ ಪಾಳಿ ಮುಗಿದ ಮೇಲೆ ಎಡಗಡೆಯ ಹತ್ತು ಕಪ್ ಆರಿಸಿ, ಬಿರುಕು ಎಲ್ಲಿದ್ದೀತೆಂದು ಪೆನ್ಸಿಲಿನಿಂದ ಗುರುತು ಹಾಕಿ, ಶಾಯಿ ನೀರು ಸವರಿ ಒರೆಸತೊಡಗಿದರು. ಬಿರುಕಿದ್ದರೆ ಕೂದಲಿನಂಥ ನೀಲಿ ಗೆರೆ ಉಳಿಯುತ್ತದೆ. ಮೊದಲ ವಾರ ಹತ್ತಕ್ಕೆ ಆರು ಸರಿ. ನಾಲ್ಕು ತಪ್ಪನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಆ ನಾಲ್ಕನ್ನೇ ನೂರು ಸಲ ಬಡಿದು ಕೇಳಿದರು. ಹತ್ತಕ್ಕೆ ಒಂಬತ್ತು ಬರಲು ಆರು ವರ್ಷ ಹಿಡಿಯಿತು. ಈಗ ಇಪ್ಪತ್ತಮೂರನೆಯ ನೋಟ್‌ಬುಕ್ ನಡೆಯುತ್ತಿದೆ.

ಒಂದು ತಿಂಗಳಿನಿಂದ ಎಡಗಡೆಯ ರಾಶಿ ಬೆಳೆಯುತ್ತಿದೆ. ಕಪ್ ಸುಡುವ ಕುಲುಮೆ ಕೆಟ್ಟಿದೆಯೋ, ಅಕ್ಕನ ಕಿವಿ ಕೆಟ್ಟಿದೆಯೋ? ಮೇಸ್ತ್ರಿಗೆ ಎರಡನೆಯದರ ಮೇಲೇ ಗುಮಾನಿ. ಈ ಬೆಳಿಗ್ಗೆ ಎಡಗಡೆಯಿಂದ ಮೂರು ಕಪ್ ಎತ್ತಿಕೊಳ್ಳುತ್ತಾನೆ.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಇದ್ರಲ್ಲಿ ಎರಡು ಚೆನ್ನಾಗಿದ್ರೆ ನಾಳೆಯಿಂದ ನೀವು ಪ್ಯಾಕಿಂಗ್‌ಗೆ."

"ಬೇಜಾರೇನು ಬಂತು? ನೀನು ಅನುಮಾನಿಸೋಕೆ ಮುಂಚೆ ನಾನೇ ಅನುಮಾನಿಸಿದೀನಿ. ದಿನಾ ಎದ್ದ ತಕ್ಷಣ ಲೋಟ ಬಡಿದು ನೋಡ್ಕೋತೀನಿ, ಕಿವಿ ಇನ್ನೂ ಇದೆಯಾ ಅಂತ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ. ಸವರಪ್ಪ ಶಾಯಿ."

ಮೊದಲ ಕಪ್ಪಿನಲ್ಲಿ ನೀಲಿ ಗೆರೆ. ಎರಡನೆಯದು ಬೆಳ್ಳಗಿದೆ. ಮೇಸ್ತ್ರಿ ಅದನ್ನು ಬದಿಗಿಡುತ್ತಾನೆ. ಬಾಗಿಲಲ್ಲಿ ನಿಂತ ನಾದಿನಿ ಒಳಗೆ ಇಣುಕುತ್ತಾರೆ. ಮೂರನೆಯದನ್ನು ಅವನು ಎರಡು ಸಲ ಒರೆಸುತ್ತಾನೆ. ಹಿಡಿಯ ಬುಡದಲ್ಲಿ, ಅಕ್ಕ ಹಾಕಿಕೊಟ್ಟಿದ್ದ ಪೆನ್ಸಿಲ್ ಗುರುತಿನ ಪಕ್ಕದಲ್ಲೇ, ಎಳೆಗೂದಲಿನಷ್ಟು ನೀಲಿ.

"ಕುಲುಮೆಯವನನ್ನ ಕರೀತೀನಿ," ಎಂದು ಹೊರಡುತ್ತಾನೆ.

ನಾದಿನಿ ನಗುತ್ತಾರೆ. "ಗೆದ್ರಲ್ಲ ಅತ್ತಿಗೆ!"

ಅತ್ತಿಗೆ ನಗುವುದಿಲ್ಲ. ಆ ಎರಡನೆಯ ಕಪ್ಪನ್ನು ನೋಟ್‌ಬುಕ್ಕಿನಲ್ಲಿ "ನನ್ನ ತಪ್ಪು" ಎಂದು ಬರೆದು, ಮತ್ತೆ ಬಡಿದು, ಕಿವಿಯ ಹತ್ತಿರ ಹಿಡಿದು, ಮತ್ತೊಮ್ಮೆ ಬಡಿಯುತ್ತಾರೆ. ಬಲಕ್ಕೆ ಇಡುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಶಾಯಿಯೂ ತಪ್ಪು ಹೇಳಬಹುದಲ್ಲ. ಇಂಥ ಕಪ್ಪುಗಳನ್ನು ಮೇಸ್ತ್ರಿಗೆ ಹೇಳಿಯೇ ಮನೆಗೆ ಒಯ್ದು, ಕುದಿಯುವ ಟೀ ಹಾಕಿ, ತಾವೊಬ್ಬರೇ ಕುಡಿಯುತ್ತಾರೆ. ಬೇರೆ ಯಾರೂ ಮುಟ್ಟುವಂತಿಲ್ಲ.

ಮನೆಯಲ್ಲಿ ಅಂಥವು ಎಷ್ಟಿವೆ ಎಂದು ಕೇಳಿದರೆ,

"ಹದಿನೇಳು. ಇದು ಹದಿನೆಂಟನೇದು. ಒಂದೂ ಒಡೆದಿಲ್ಲ," ಎನ್ನುತ್ತಾರೆ. ಚೀಲದ ಬಾಯಿ ಕಟ್ಟುತ್ತ, "ಇನ್ನೂ," ಎಂದು ಸೇರಿಸುತ್ತಾರೆ.